ಬೆಟ್ಟದ ಬಡಾವಣೆಗೆ ರಸ್ತೆ: ಸಲಹಾ ಸಮಿತಿ ಏನನ್ನು ನೋಡಿ ಶಿಫಾರಸು ಮಾಡಬೇಕು?

ಪ್ರಶ್ನೆ: ಮಡಿಕೇರಿ ನಗರಸಭೆ ವ್ಯಾಪ್ತಿಯ ಇಳಿಜಾರಿನಲ್ಲಿ ನಮ್ಮದು ಹದಿನಾಲ್ಕು ಮನೆಗಳ ಬಡಾವಣೆ. ಮುಖ್ಯರಸ್ತೆಯಿಂದ 180 ಮೀಟರ್ ಮಣ್ಣಿನ ದಾರಿ, ಅಗಲ ಎರಡೂವರೆ ಮೀಟರ್. ಮೇಲ್ಗಡೆ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಕೆಳಗಡೆ ಹಳೆಯ ಕಾಫಿ ತೋಟ, ಮಧ್ಯೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ತೋಡಿಗೆ ಒಂದಡಿಯ ಪೈಪ್ ಹಾಕಿದ್ದಾರೆ. ಬೇಸಿಗೆಯಲ್ಲಿ ಆಂಬ್ಯುಲೆನ್ಸ್ ಹೇಗೋ ಬರುತ್ತದೆ, ಮಳೆಗಾಲದಲ್ಲಿ ಬರುವುದೇ ಇಲ್ಲ. ದಾರಿಯನ್ನು ನಾಲ್ಕೂವರೆ ಮೀಟರಿಗೆ ಅಗಲಿಸಿ ಕಾಂಕ್ರೀಟ್ ಹಾಕಿಕೊಡಿ ಎಂದು ಅರ್ಜಿ ಕೊಟ್ಟಿದ್ದೇವೆ. ಪರಿಸರ ನಿಯಮದ ಪ್ರಕಾರ ಇದು ಸಾಧ್ಯವಿಲ್ಲ ಎಂದು ಕೆಲವರು ತಕರಾರು ಹಾಕಿದ್ದಾರೆ. ನಗರಸಭೆ ಒಂದು ಸಲಹಾ ಸಮಿತಿ ಮಾಡಿ ವರದಿ ಕೇಳಿದೆ, ಅದರಲ್ಲಿ ನಾನೂ ಸದಸ್ಯ. ನಮಗೆ ಏನು ಅಧಿಕಾರವಿದೆ? ಯಾವ ಕಾನೂನು ಇಲ್ಲಿ ಅನ್ವಯಿಸುತ್ತದೆ? ಏನೆಂದು ಶಿಫಾರಸು ಮಾಡಬೇಕು?

ಉತ್ತರ: ನಿಮ್ಮ ಅರ್ಜಿಯಲ್ಲಿ ಎರಡು ಬೇಡಿಕೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮಳೆಗಾಲದಲ್ಲೂ ಮನೆ ಹತ್ತಿರ ವಾಹನ ಬರಬೇಕು ಎನ್ನುವುದು ಒಂದು. ದಾರಿ ನಾಲ್ಕೂವರೆ ಮೀಟರ್ ಆಗಬೇಕು ಎನ್ನುವುದು ಇನ್ನೊಂದು. ಮೊದಲನೆಯದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಎರಡನೆಯದು ಅದಕ್ಕಿರುವ ಉಪಾಯಗಳಲ್ಲಿ ಒಂದು ಮಾತ್ರ, ಅದೂ ನಿಮ್ಮಂಥ ಜಾಗಕ್ಕೆ ಅಪಾಯದ ಉಪಾಯ. ಟೆಂಪೋ ಟ್ರಾವೆಲರ್ ಮಾದರಿಯ ಆಂಬ್ಯುಲೆನ್ಸಿನ ಅಗಲ ಸುಮಾರು ಎರಡು ಮೀಟರ್. ಬೇಸಿಗೆಯಲ್ಲಿ ಬರುವ ವಾಹನ ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಬರುವುದಿಲ್ಲವೆಂದರೆ ಅಡ್ಡಿಯಾಗಿರುವುದು ಅಗಲವಲ್ಲ, ನೀರು. ಬರೆಯಿಂದ ಇಳಿದ ನೀರು ಚರಂಡಿ ಇಲ್ಲದೆ ದಾರಿಯ ಮೇಲೇ ಹರಿಯುತ್ತದೆ, ಮಣ್ಣು ಕೊಚ್ಚೆಯಾಗುತ್ತದೆ, ತೋಡಿನ ಪೈಪ್ ಕಟ್ಟಿಕೊಂಡು ನೀರು ಮೇಲೆ ಹಾಯುತ್ತದೆ, ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಆದ್ದರಿಂದ ಸಮಿತಿ ಕೇಳಬೇಕಾದ ಮೊದಲ ಪ್ರಶ್ನೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು. ಅಗಲದ ಚರ್ಚೆ ಆಮೇಲೆ.

ಅಧಿಕಾರದ ವಿಷಯ ಬೇಗ ಮುಗಿಯುತ್ತದೆ. ಸಂವಿಧಾನದ 243ಎಸ್ ವಿಧಿಯಂತೆ ವಾರ್ಡ್ ಸಮಿತಿ ಕಡ್ಡಾಯವಾಗಿರುವುದು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ ಸುಮಾರು 33 ಸಾವಿರ. ಹಾಗಾಗಿ ನಿಮ್ಮದು ನಗರಸಭೆ ತನ್ನ ಅನುಕೂಲಕ್ಕೆ ಮಾಡಿಕೊಂಡ ಸಮಿತಿ. ನೀವು ಅಭಿಪ್ರಾಯ ಕೊಡಬಹುದು, ಆದೇಶ ಕೊಡುವಂತಿಲ್ಲ. ಯಾರ ಜಾಗವನ್ನೂ ಬಿಡಿಸುವಂತಿಲ್ಲ, ಮರ ಕಡಿಯಲು ಹೇಳುವಂತಿಲ್ಲ. ಸಮಿತಿ ರಚಿಸಿದ ನಡಾವಳಿಯ ಪ್ರತಿಯನ್ನು ಮೊದಲ ಸಭೆಯಲ್ಲೇ ಪಡೆದುಕೊಳ್ಳಿ. ಕೇಳಿರುವುದೇನು, ಎಷ್ಟು ದಿನದೊಳಗೆ, ವರದಿ ಯಾರಿಗೆ ಎಂಬುದು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಪೌರಾಯುಕ್ತರಿಂದ ಬರೆಸಿಕೊಳ್ಳಿ. ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ನೀವು ಅರ್ಜಿದಾರರೂ ಹೌದು, ಸದಸ್ಯರೂ ಹೌದು. ಇದನ್ನು ನಡಾವಳಿಯಲ್ಲಿ ದಾಖಲಿಸಿ, ಮಾಹಿತಿ ಕೊಡಿ, ಸ್ಥಳ ತೋರಿಸಿ. ಅಂತಿಮ ಶಿಫಾರಸಿನ ಮೇಲೆ ಅಭಿಪ್ರಾಯ ಕೇಳುವಾಗ ಹೊರಗುಳಿಯಿರಿ. ತಕರಾರು ಹಾಕಿದವರೊಬ್ಬರು ಸದಸ್ಯರಾಗಿದ್ದರೆ ಅವರಿಗೂ ಇದೇ ಕ್ರಮ. ಹೀಗೆ ಮಾಡದ ಸಮಿತಿಗಳ ವರದಿ ಎಷ್ಟೇ ಚೆನ್ನಾಗಿದ್ದರೂ ಮುಂದೆ ನ್ಯಾಯಾಲಯದಲ್ಲಿ ಮೊದಲು ಪೆಟ್ಟು ತಿನ್ನುವುದು ಇದೇ ಜಾಗದಲ್ಲಿ.

ಈಗ ದಾಖಲೆ. ಈ ದಾರಿ ಯಾರದು? ಇದಕ್ಕೆ ಉತ್ತರ ಸಿಗದೆ ಎಂಜಿನಿಯರ್ ಅಂದಾಜುಪಟ್ಟಿ ಮಾಡಿಸಬೇಡಿ. ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ ಗ್ರಾಮ ನಕ್ಷೆ, ಸಂಬಂಧಪಟ್ಟ ಸರ್ವೆ ನಂಬರುಗಳ ಟಿಪ್ಪಣಿ (ಮೂಲ ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಪಹಣಿ ತೆಗೆಸಿ. ನಕ್ಷೆಯಲ್ಲಿ ಬಂಡಿದಾರಿ ಇದೆಯೇ, ಕಾಲುದಾರಿ ಇದೆಯೇ, ಏನೂ ಇಲ್ಲವೇ ನೋಡಿ. ಪಹಣಿಯ ಖರಾಬು (ಸಾಗುವಳಿಗೆ ಬಾರದ ಜಾಗ) ಕಾಲಂ ಮುಖ್ಯ. ‘ಬಿ’ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಪಕ್ಕದ ಹಿಡುವಳಿದಾರ ಅದನ್ನು ತನ್ನದೆನ್ನಲಾಗದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಸಾರ್ವಜನಿಕ ದಾರಿಗಳೂ ತೋಡು, ಹಳ್ಳಗಳ ಪಾತ್ರವೂ ಸರ್ಕಾರದ ಸ್ವತ್ತು. ಜೊತೆಗೆ ನಗರಸಭೆಯ ರಸ್ತೆಗಳ ಪಟ್ಟಿಯಲ್ಲಿ ಈ ದಾರಿಯ ಹೆಸರು, ಉದ್ದ, ಅಗಲ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಸರಿಯಾಗಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕೊನೆಗೆ ಹದ್ದುಬಸ್ತು, ಅಂದರೆ ಗಡಿಯ ಅಳತೆ, ಮಾಡಿಸಿ ಕಲ್ಲು ಹಾಕಿಸಿ. ಈಗ ಬಳಸುತ್ತಿರುವ ದಾರಿಯೂ ನಕ್ಷೆಯ ದಾರಿಯೂ ಕೆಲವು ಕಡೆ ಬೇರೆಯಾಗಿರುವುದು ಬೆಟ್ಟದ ಬಡಾವಣೆಗಳಲ್ಲಿ ತೀರಾ ಸಾಮಾನ್ಯ.

ದಾರಿ ಖಾಸಗಿ ಜಾಗದಲ್ಲಿದೆ ಎಂದು ತಿಳಿದುಬಂದರೆ 1882ರ ಭಾರತೀಯ ಅನುಭೋಗ ಹಕ್ಕುಗಳ (ಈಸ್‌ಮೆಂಟ್, ಅಂದರೆ ಇನ್ನೊಬ್ಬರ ಜಾಗವನ್ನು ದಾರಿಯಂಥದ್ದಕ್ಕೆ ಬಳಸುವ ಹಕ್ಕು) ಕಾಯ್ದೆಯನ್ನು ನೋಡಬೇಕು. ಈ ಕಾಯ್ದೆ ಜಾರಿಗೆ ಬಂದಾಗಲೇ ಕೊಡಗನ್ನು ಹೆಸರಿಸಿ ಸೇರಿಸಿಕೊಂಡಿತ್ತು. 13ನೇ ಕಲಮು ಅನಿವಾರ್ಯತೆಯ ದಾರಿಯದು. ಒಂದೇ ಹಿಡುವಳಿ ಭಾಗವಾಗಿ ಒಳಗಿನ ತುಂಡಿಗೆ ಬೇರೆ ದಾರಿಯೇ ಇಲ್ಲದಾಗ ಈ ಹಕ್ಕು ಹುಟ್ಟುತ್ತದೆ, ಬರೀ ಅನುಕೂಲಕ್ಕೆ ಹುಟ್ಟುವುದಿಲ್ಲ. 15ನೇ ಕಲಮಿನಂತೆ 20 ವರ್ಷ ಬಹಿರಂಗವಾಗಿ, ಶಾಂತಿಯಿಂದ, ಹಕ್ಕೆಂದೇ ತಿಳಿದು, ತಡೆಯಿಲ್ಲದೆ ಬಳಸಿದ್ದರೂ ಹಕ್ಕು ಬರುತ್ತದೆ. ಸರ್ಕಾರಿ ಜಾಗವಾದರೆ, ಅಂದರೆ ಪೈಸಾರಿಯಾದರೆ, 30 ವರ್ಷ. ಆ ಅವಧಿ ದಾವೆ ಹೂಡುವ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ಬೇಲಿ ಬಿದ್ದ ಮೇಲೆ ವರ್ಷಗಟ್ಟಲೆ ಮಾತುಕತೆಯಲ್ಲೇ ಕಳೆದವರು ಸೋಲುವುದು ಇದರಿಂದ. ನಿಮ್ಮ ಸಮಿತಿ ಮರೆಯಬಾರದ ಕಲಮು 28. ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ಹಕ್ಕು ಸೇರಿರುವುದಿಲ್ಲ ಎಂದು ಅದು ಹೇಳುತ್ತದೆ. ನಡೆದು ಹೋದ ಹಕ್ಕು ಜೀಪು ಓಡಿಸುವ ಹಕ್ಕಲ್ಲ, ಎರಡೂವರೆ ಮೀಟರ್ ಬಳಕೆ ನಾಲ್ಕೂವರೆ ಮೀಟರಿನ ಹಕ್ಕಲ್ಲ. ಹೆಚ್ಚಿನ ಅಗಲಕ್ಕೆ ಪಕ್ಕದವರು ಒಪ್ಪಿ ನಗರಸಭೆ ಹೆಸರಿಗೆ ದಾನಪತ್ರ ನೋಂದಾಯಿಸಿಕೊಡಬೇಕು, ಇಲ್ಲವೇ ಪರಿಹಾರ ಕೊಟ್ಟು ಕಾನೂನಿನಂತೆ ಸ್ವಾಧೀನ ಮಾಡಿಕೊಳ್ಳಬೇಕು. ಬರೀ ಛಾಪಾ ಕಾಗದದ ಒಪ್ಪಿಗೆಪತ್ರ ಮುಂದಿನ ಮಾಲೀಕನನ್ನು ಕಟ್ಟಿಹಾಕುವುದಿಲ್ಲ.

ಕೆಳಗಿನ ತೋಟ ಜಮ್ಮ ಬಾಣೆಯಾಗಿದ್ದರೆ, ಅಂದರೆ ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯಾಗಿದ್ದರೆ, ಇನ್ನೊಂದು ತೊಡಕು. ಪಹಣಿಯಲ್ಲಿ ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿದ್ದರೂ ಹಕ್ಕು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಪಟ್ಟೆದಾರರೊಬ್ಬರ ಸಹಿ ಸಾಲದು, ಪಾಲಿರುವ ಎಲ್ಲರ ಒಪ್ಪಿಗೆ ಬೇಕು. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಒಬ್ಬ ಪಾಲುದಾರರ ಸಹಿ ಬಿಟ್ಟು ಕೆಲಸ ಶುರುಮಾಡಿದರೆ ಅರ್ಧ ಕಡಿದ ಬರೆಯ ಮೇಲೆ ತಡೆಯಾಜ್ಞೆ ಬರುತ್ತದೆ. ಕೆಲಸ ನಿಂತ ಸ್ಥಿತಿಯಲ್ಲಿ ಮಳೆ ಹಿಡಿದರೆ ಆಗುವ ನಷ್ಟ, ಕೆಲಸವನ್ನೇ ಮಾಡದಿದ್ದಾಗ ಆಗುವುದಕ್ಕಿಂತ ದೊಡ್ಡದು.

ಪರಿಸರ ನಿಯಮಗಳ ಬಗ್ಗೆ ಎರಡೂ ಕಡೆಯವರು ಇಲ್ಲದ್ದನ್ನು ಹೇಳಿ ಇರುವುದನ್ನು ಬಿಡುತ್ತಾರೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಅಧಿಸೂಚನೆ ಬಂದಿದೆ, ರಸ್ತೆ ಮಾಡುವಂತಿಲ್ಲ ಎನ್ನುವುದು ಒಂದು. 2024ರ ಜುಲೈ 31ರಂದು ಕೇಂದ್ರ ಸರ್ಕಾರ ಹೊರಡಿಸಿದ್ದು ಕರಡು, ಅದೂ ಆರನೆಯ ಕರಡು. ಅದು ನಿಷೇಧಿಸಲು ಹೊರಟಿರುವುದು ಗಣಿಗಾರಿಕೆ, ಕಲ್ಲುಕ್ವಾರಿ, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳಂಥವನ್ನು. ಹದಿನಾಲ್ಕು ಮನೆಗಳ ದಾರಿ ಆ ಪಟ್ಟಿಯಲ್ಲಿ ಇಲ್ಲ. ನೀರಿನಿಂದ 75 ಮೀಟರ್ ದೂರ ಬಿಡಬೇಕು ಎನ್ನುವುದು ಇನ್ನೊಂದು. ಅದು ಬೆಂಗಳೂರಿನ ಕೆರೆಗಳ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟಿದ್ದ ಆದೇಶ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ನಿಮ್ಮ ತೋಡಿಗೆ ಎಷ್ಟು ಅಂತರ ಎಂಬುದನ್ನು ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯ ವಲಯ ನಿಯಮದಲ್ಲಿ ನೋಡಬೇಕು. ಪ್ರಾಧಿಕಾರದಿಂದ ಬರಹದಲ್ಲೇ ಉತ್ತರ ತರಿಸಿ ವರದಿಗೆ ಲಗತ್ತಿಸಿ.

ನಿಜವಾಗಿ ಅನ್ವಯಿಸುವವು ಬೇರೆ. ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕಿನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಬೀಟೆ, ಹೊನ್ನೆ, ಹಲಸಿಗೆ ಅದನ್ನು ಅನ್ವಯಿಸಬೇಡಿ. ಕೊಡಗಿನಲ್ಲಿ ಜಾಗ ರಿಡೀಮ್ ಆಗಿದೆಯೇ, ಅಂದರೆ ಮರದ ಹಕ್ಕನ್ನು ಸರ್ಕಾರದಿಂದ ಬಿಡಿಸಿಕೊಂಡಿದೆಯೇ ಇಲ್ಲವೇ ಎಂಬುದನ್ನೂ ನೋಡಬೇಕು, ಆಗಿಲ್ಲದಿದ್ದರೆ ಮರದ ಬೆಲೆ ಸರ್ಕಾರಕ್ಕೆ ಸೇರುತ್ತದೆ. ದಾರಿಯ ಒಂದು ಚೂರಾದರೂ ಅರಣ್ಯದಲ್ಲೋ ದೇವರಕಾಡಿನಲ್ಲೋ ಬಂದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ (ಈಗಿನ ಹೆಸರು ವನ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ) ಎದುರಾಗುತ್ತದೆ. ಆಗ ನಗರಸಭೆಯ ನಿರ್ಣಯ ನಡೆಯುವುದಿಲ್ಲ, ದಾರಿಯನ್ನೇ ಆ ಜಾಗದಿಂದ ಈಚೆಗೆ ಸರಿಸಬೇಕು. ಕಡಿದ ಮಣ್ಣನ್ನು ಹೊರಗೆ ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಮೊದಲೇ ಕೇಳಬೇಕು.

ಇಷ್ಟೆಲ್ಲ ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗಲೂ ನಾಲ್ಕೂವರೆ ಮೀಟರ್ ಬೇಡ ಎನ್ನುವುದು ಏಕೆಂದರೆ ಲೆಕ್ಕ ಹಾಗಿದೆ. ಗುಡ್ಡದ ಇಳಿಜಾರು 30 ಡಿಗ್ರಿ ಇದ್ದು ಅಗಲವನ್ನೆಲ್ಲ ಮೇಲ್ಗಡೆಯ ಬರೆಯಿಂದಲೇ ನೇರವಾಗಿ ಕಡಿದರೆ, ಎರಡೂವರೆ ಮೀಟರ್ ದಾರಿಗೆ ಬರೆಯ ಎತ್ತರ 1.44 ಮೀಟರ್. ನಾಲ್ಕೂವರೆ ಮೀಟರಿಗೆ 2.6 ಮೀಟರ್. ಅಷ್ಟೆತ್ತರದ ಮಣ್ಣು ನೇರ ನಿಲ್ಲದು. ಒಂದು ಮೀಟರ್ ಎತ್ತರಕ್ಕೆ ಅರ್ಧ ಮೀಟರ್ ಓರೆ ಕೊಟ್ಟರೆ ಬರೆಯ ತಲೆ ಇನ್ನೂ ಹಿಂದೆ ಸರಿದು ಎತ್ತರ ಮೂರೂವರೆ ಮೀಟರ್ ದಾಟುತ್ತದೆ, ಮೇಲಿನ ಮನೆಯ ಪಾಯ ಹತ್ತಿರವಾಗುತ್ತದೆ. ಮಣ್ಣಿನ ಪ್ರಮಾಣ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೇರ ಕಡಿತದ ಲೆಕ್ಕದಲ್ಲೇ ಒಂದು ಮೀಟರ್ ಉದ್ದಕ್ಕೆ 1.8 ಘನ ಮೀಟರ್ ಇದ್ದದ್ದು 5.85 ಆಗುತ್ತದೆ. 180 ಮೀಟರಿಗೆ ಹೆಚ್ಚುವರಿಯಾಗಿ ಸುಮಾರು 730 ಘನ ಮೀಟರ್. ಕಡಿದ ಮಣ್ಣು ಕಾಲು ಭಾಗ ಉಬ್ಬುವುದರಿಂದ ಸಾಗಿಸುವಾಗ 900, ಅಂದರೆ 6 ಘನ ಮೀಟರಿನ ಟಿಪ್ಪರಿನಲ್ಲಿ 150 ಲೋಡ್. ಇದನ್ನು ಎಲ್ಲಿ ಹಾಕುತ್ತೀರಿ? ಅಂದಾಜುಪಟ್ಟಿಯಲ್ಲಿ ಉತ್ತರ ಇಲ್ಲದಿದ್ದರೆ ಆ ಮಣ್ಣು ದಾರಿಯ ಕೆಳ ಅಂಚಿಗೋ ತೋಡಿಗೋ ಬೀಳುತ್ತದೆ. ಕೆಳ ಅಂಚಿಗೆ ಸುರಿದ ಸಡಿಲ ಮಣ್ಣಿನ ಮೇಲೆ ಅರ್ಧ ಕಾಂಕ್ರೀಟ್ ಬಂದರೆ ಎರಡನೇ ಮಳೆಗಾಲದಲ್ಲಿ ಉದ್ದಕ್ಕೆ ಬಿರುಕು ಕಾಣುತ್ತದೆ, ಮೂರನೆಯದಕ್ಕೆ ಆ ಪಟ್ಟಿ ಕೆಳಗಿಳಿಯುತ್ತದೆ. ಅದೇ ದಾರಿಯನ್ನು ಮೂರು ಮೀಟರ್ ಮಾಡಿದರೆ ಬರೆ 1.73 ಮೀಟರ್, ಹೆಚ್ಚುವರಿ ಮಣ್ಣು ಸುಮಾರು 30 ಲೋಡ್.

2018ರ ಆಗಸ್ಟಿನ ಕುಸಿತಗಳ ಬಳಿಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಎತ್ತಿ ಹೇಳಿದ ಕಾರಣಗಳಲ್ಲಿ ಮನೆ, ರಸ್ತೆಗಾಗಿ ಇಳಿಜಾರನ್ನು ಕಡಿದದ್ದೂ ಒಂದು. ಮಳೆ ಹೆಚ್ಚು ಬಂದದ್ದು ನಿಜ, ಆದರೆ ಮಡಿಕೇರಿಗೆ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮೇಲೆ ಮಳೆ ಎಂದಿನಿಂದಲೂ ಇದೆ. ಬುಡ ಕಡಿದ ಗುಡ್ಡಕ್ಕೆ ಅದನ್ನು ತಾಳುವ ಶಕ್ತಿ ಕಡಿಮೆ. ಬರೆಯಲ್ಲಿ ಕೆಂಪು ಮಣ್ಣಿನ ಕೆಳಗೆ ಬಿಳಿ ಅಥವಾ ಹಳದಿ ಶೇಡಿ ಮಣ್ಣಿನ ಪದರ ಕಂಡರೆ, ಬರೆಯ ತಲೆಯಲ್ಲಿ ಕಮಾನಿನಂಥ ಬಿರುಕು ಇದ್ದರೆ, ಮರಗಳು ಬುಡದಲ್ಲಿ ಬಾಗಿದ್ದರೆ, ಮಳೆ ನಿಂತು ವಾರವಾದರೂ ಬರೆಯ ನಡುವಿನಿಂದ ಒರತೆ ಜಿನುಗುತ್ತಿದ್ದರೆ ಅಲ್ಲಿ ಒಂದು ಅಡಿಯೂ ಕಡಿಯಬೇಡಿ. ಇವನ್ನು ನೋಡಲು ಸಮಿತಿ ಜುಲೈಯಲ್ಲಿ, ಮಳೆ ಸುರಿಯುವಾಗಲೇ ಸ್ಥಳಕ್ಕೆ ಹೋಗಬೇಕು. ಫೆಬ್ರವರಿಯ ಬಿಸಿಲಿನಲ್ಲಿ ಮಾಡಿದ ಸ್ಥಳ ಪರಿಶೀಲನೆಯಲ್ಲಿ ಎಲ್ಲ ಗುಡ್ಡಗಳೂ ಗಟ್ಟಿಯಾಗಿಯೇ ಕಾಣುತ್ತವೆ.

ತೋಡಿನ ಪೈಪಿನ ಲೆಕ್ಕ ಇನ್ನೂ ಸರಳ. ಒಂದು ಹೆಕ್ಟೇರ್ ಇಳಿಜಾರಿನ ಮೇಲೆ ಗಂಟೆಗೆ 100 ಮಿಲಿಮೀಟರ್ ರಭಸದ ಮಳೆ ಬಿದ್ದು ಅದರ ಶೇಕಡಾ 60 ಹರಿದು ಬಂದರೆ ಸೆಕೆಂಡಿಗೆ 167 ಲೀಟರ್. ನಿಮ್ಮ 300 ಮಿಲಿಮೀಟರ್ ಪೈಪ್ 50ಕ್ಕೆ 1ರ ಇಳಿಜಾರಿನಲ್ಲಿ, ಒಳಗೆ ಏನೂ ಕಟ್ಟಿಕೊಳ್ಳದಿದ್ದರೆ, ಸಾಗಿಸುವುದು ಸುಮಾರು 135 ಲೀಟರ್. ತೋಡಿನ ಜಲಾನಯನ ಒಂದು ಹೆಕ್ಟೇರಿಗಿಂತ ದೊಡ್ಡದಾಗಿಯೇ ಇರುತ್ತದೆ, ಮೇಲಾಗಿ ತೋಟದ ಸೊಪ್ಪು, ಕಡ್ಡಿ, ಪ್ಲಾಸ್ಟಿಕ್ ಬಂದು ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಇಲ್ಲಿ ಕನಿಷ್ಠ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಸ್ಲ್ಯಾಬ್ ಮೋರಿ ಬೇಕು. ನಿಜವಾದ ಅಳತೆಯನ್ನು ಜಲಾನಯನ ಅಳೆದು ನಿರ್ಧರಿಸಬೇಕು. ಮೋರಿಯ ತಳ ತೋಡಿನ ಸಹಜ ತಳಕ್ಕೆ ಸಮವಾಗಿರಲಿ. ತೋಡಿನ ಅಗಲವನ್ನು ಕಿರಿದು ಮಾಡಬೇಡಿ. ನೀರು ಹೊರಬೀಳುವ ಕಡೆ ಎರಡು ಮೂರು ಮೀಟರ್ ದೂರ ಕಾಡುಗಲ್ಲಿನ ಹಾಸು ಹಾಕಿ, ಇಲ್ಲದಿದ್ದರೆ ನೀರು ಅಲ್ಲಿಂದ ಹಿಂದಕ್ಕೆ ಕೊರೆಯುತ್ತಾ ಬಂದು ಮೋರಿಯ ಬುಡವನ್ನೇ ತೆಗೆಯುತ್ತದೆ.

ಹಾಗಾದರೆ ಮಾಡಬೇಕಾದದ್ದು ಇದು. ಒಟ್ಟು ಅಗಲ ಮೂರು ಮೀಟರ್. ಅದರಲ್ಲಿ ಎರಡೂವರೆ ಮೀಟರ್ ಕಾಂಕ್ರೀಟ್, ಬರೆಯ ಕಡೆ ಅರ್ಧ ಮೀಟರ್ ತಟ್ಟೆಯಾಕಾರದ ಆಳವಿಲ್ಲದ ಕಾಂಕ್ರೀಟ್ ಚರಂಡಿ. ಚೌಕದ ಆಳ ಚರಂಡಿ ಮಾಡಿದರೆ ಚಕ್ರ ಬೀಳುತ್ತದೆ. ತಟ್ಟೆ ಚರಂಡಿಯ ಮೇಲೆ ಚಕ್ರ ಹಾಯಬಹುದು, ಮೂರು ಮೀಟರೂ ಬಳಕೆಗೆ ಸಿಗುತ್ತದೆ. ರಸ್ತೆಯ ಅಡ್ಡ ಓರೆ ಚರಂಡಿಯ ಕಡೆಗೇ ಇರಲಿ, ಮೀಟರಿಗೆ 2.5 ಸೆಂಟಿಮೀಟರಿನಷ್ಟು. ಚರಂಡಿಯ ನೀರನ್ನು 180 ಮೀಟರೂ ಓಡಿಸಿ ತುದಿಗೆ ಬಿಡಬೇಡಿ. ಸುಮಾರು 60 ಮೀಟರಿಗೊಮ್ಮೆ ತಡೆಗುಂಡಿ ಕಟ್ಟಿ ಅಡ್ಡಮೋರಿಯಿಂದ ತೋಡಿಗೋ ಕಲ್ಲು ಹಾಸಿದ ಕಾಲುವೆಗೋ ಒಯ್ಯಿರಿ. ಕೆಳಗಿನ ತೋಟಕ್ಕೆ ಸುಮ್ಮನೆ ತಿರುಗಿಸಿದರೆ ಅಲ್ಲಿ ಹೊಸ ಕುಸಿತ, ಹೊಸ ಮೊಕದ್ದಮೆ. ಕಾಂಕ್ರೀಟ್ ಎಂ30 (ಬಲದ ದರ್ಜೆ), ದಪ್ಪ 150 ಮಿಲಿಮೀಟರ್, ಕೆಳಗೆ ಕುಟ್ಟಿ ಗಟ್ಟಿ ಮಾಡಿದ ಜಲ್ಲಿ ಪದರ, ನಾಲ್ಕು ಮೀಟರ್ ಮೀರದಂತೆ ಜಾಯಿಂಟ್, ಮೇಲೆ ಅಡ್ಡಗೆರೆ, ಎರಡು ವಾರ ನೀರು. ಏರು ಎಷ್ಟಿದೆ ಎಂದು ಟ್ಯೂಬ್ ಲೆವೆಲಿನಲ್ಲಿ ಅಳೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಗ್ರಾಮೀಣ ರಸ್ತೆ ಮಾರ್ಗಸೂಚಿ ಕಡಿದಾದ ಗುಡ್ಡದಲ್ಲೂ ಅಪವಾದವಾಗಿ ಒಪ್ಪುವುದು ನೂರಕ್ಕೆ 8ರಷ್ಟು ಏರನ್ನು. ಅದಕ್ಕಿಂತ ಹೆಚ್ಚಿರುವ ತುಂಡುಗಳಲ್ಲಿ ಗೆರೆ ಆಳವಾಗಿರಲಿ, ಅಲ್ಲಿ ಹೆಬ್ಬಾಗಿಲು, ತಿರುವು ಬೇಡ. ಎದುರುಬದುರಾದ ವಾಹನಗಳಿಗೆ ದಾರಿಯುದ್ದಕ್ಕೂ ಅಗಲ ಬೇಕಿಲ್ಲ. ಸಹಜವಾಗಿ ಸಮತಟ್ಟಿರುವ ಎರಡು ಕಡೆ, ಒಂದು ಕಡೆಯಿಂದ ಇನ್ನೊಂದು ಕಾಣುವಂತೆ, 12ರಿಂದ 15 ಮೀಟರ್ ಉದ್ದ ಐದು ಮೀಟರ್ ಅಗಲ ಸಾಕು. ಕೊನೆಯ ಮನೆಯ ಹತ್ತಿರ ವಾಹನ ತಿರುಗಿಸುವ ಜಾಗ ಮಾತ್ರ ಬಿಡಲೇಬೇಕು. 180 ಮೀಟರ್ ಹಿಂದಕ್ಕೆ ಬರಬೇಕಾದ ದಾರಿಗೆ ಯಾವ ಚಾಲಕನೂ ರಾತ್ರಿ ಒಳಗೆ ಬರುವುದಿಲ್ಲ.

ತಡೆಗೋಡೆಯ ಬಗ್ಗೆ ಜನರಿಗಿರುವ ನಂಬಿಕೆ ಅತಿಯಾಯಿತು. ಗೋಡೆ ಬೀಳುವುದು ಸಾಮಾನ್ಯವಾಗಿ ಮಣ್ಣಿನಿಂದಲ್ಲ, ಹಿಂದೆ ಕಟ್ಟಿನಿಂತ ನೀರಿನಿಂದ. ಸಿಮೆಂಟ್ ಗೋಡೆಯಾದರೆ ಒಂದರಿಂದ ಒಂದೂವರೆ ಮೀಟರಿಗೊಂದು 75ರಿಂದ 100 ಮಿಲಿಮೀಟರ್ ಪೈಪಿನ ತೂತು, ಹಿಂದೆ ಪೂರ್ತಿ ಎತ್ತರಕ್ಕೆ ಜಲ್ಲಿಯ ಪದರ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುಬಟ್ಟೆ ಇರಲೇಬೇಕು. ಇವು ಮುಚ್ಚಿಹೋಗುವ ಕೆಲಸ, ಆದ್ದರಿಂದ ಮಣ್ಣು ತುಂಬುವ ಮೊದಲು ಫೋಟೋ ತೆಗೆದು ಅಳತೆ ಪುಸ್ತಕಕ್ಕೆ ಸೇರಿಸಲು ಹೇಳಿ. ಎರಡು ಮೀಟರಿಗಿಂತ ಕಡಿಮೆ ಎತ್ತರಕ್ಕೆ ತಂತಿಬಲೆಯ ಕಲ್ಲುಪೆಟ್ಟಿಗೆಗಳು ಮೇಲು. ನೀರು ತಾನೇ ಹೊರಬರುತ್ತದೆ, ಸ್ವಲ್ಪ ಸರಿದರೂ ಒಡೆಯುವುದಿಲ್ಲ. ಬರಿದಾದ ಬರೆಗೆ ಲಾವಂಚವನ್ನು ಒಂದೊಂದು ಮೀಟರ್ ಎತ್ತರಕ್ಕೆ ಅಡ್ಡ ಸಾಲಿನಲ್ಲಿ, ಗೇಣಿಗಿಂತ ಹತ್ತಿರ ಹತ್ತಿರ ನೆಡಿ. ಜೂನ್ ಮೊದಲ ಮಳೆಗೆ ನೆಟ್ಟದ್ದು ಆ ವರ್ಷ ಹೆಚ್ಚು ಹಿಡಿಯದು, ಮರುವರ್ಷದಿಂದ ಕೆಲಸ ಮಾಡುತ್ತದೆ.

ಅಗಲದ ಬೇಡಿಕೆ ಇಷ್ಟಾದರೂ ಬಿಡದಿದ್ದರೆ ಸಮಿತಿ ಇನ್ನೊಂದನ್ನು ವಿಚಾರಿಸಬೇಕು. ಈ ದಾರಿಯ ತುದಿಯಲ್ಲಿ ಭೂಪರಿವರ್ತನೆಗೆ, ಹೋಂಸ್ಟೇಗೆ, ನಿವೇಶನ ವಿಂಗಡಣೆಗೆ ಯಾರಾದರೂ ಅರ್ಜಿ ಹಾಕಿದ್ದಾರೆಯೇ? ದಾರಿ ಅಗಲವಾದರೆ ಅಂಥ ಅನುಮತಿ ಸುಲಭವಾಗುತ್ತದೆ, ಆಮೇಲೆ ಅದೇ ಬರೆಯ ಮೇಲೆ ಇನ್ನಷ್ಟು ಕಡಿತ. ಹದಿನಾಲ್ಕು ಮನೆಯವರ ಕಷ್ಟದ ಹೆಸರಿನಲ್ಲಿ ಅದು ನಡೆಯಬಾರದು. ತಹಶೀಲ್ದಾರ್ ಕಚೇರಿ ಮತ್ತು ಪ್ರಾಧಿಕಾರದಿಂದ ಬಾಕಿ ಅರ್ಜಿಗಳ ವಿವರ ತರಿಸಿ ವರದಿಗೆ ಸೇರಿಸಿ.

ವರದಿ ಉದ್ದ ಬೇಡ. ದಾಖಲೆಗಳು, ನೀರಿನ ಹರಿವು ಗುರುತಿಸಿದ ಕೈನಕ್ಷೆ, ಮಳೆಗಾಲದ ಫೋಟೋಗಳು, ತಕರಾರುದಾರರ ಮಾತು ಅವರದೇ ಸಹಿಯೊಡನೆ, ಪರಿಶೀಲಿಸಿದ ಎರಡು ಮೂರು ವಿನ್ಯಾಸ, ಶಿಫಾರಸು, ಒಪ್ಪದ ಸದಸ್ಯರ ಭಿನ್ನಾಭಿಪ್ರಾಯ. ಶಿಫಾರಸನ್ನು ಷರತ್ತಿನೊಡನೆ ಬರೆಯಿರಿ: ಮೋರಿ ಮತ್ತು ಚರಂಡಿ ಮುಗಿಯದೆ ಕಾಂಕ್ರೀಟ್ ಹಾಕುವಂತಿಲ್ಲ, ಮಣ್ಣು ಹಾಕುವ ಜಾಗ ಲಿಖಿತವಾಗಿ ಒಪ್ಪಿಗೆಯಾಗದೆ ಜೆಸಿಬಿ ಇಳಿಸುವಂತಿಲ್ಲ, ಡಿಸೆಂಬರಿನಲ್ಲಿ ಶುರುಮಾಡಿ ಮಾರ್ಚ್ ಒಳಗೆ ಕಡಿತದ ಕೆಲಸ, ಏಪ್ರಿಲ್ ಕೊನೆಗೆ ಎಲ್ಲ ಕೆಲಸ ಮುಗಿಯಬೇಕು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ ಬರೆ ಮುಟ್ಟುವ ಗುತ್ತಿಗೆದಾರನಿಗೆ ಆ ವರ್ಷ ಕೆಲಸ ನಿಲ್ಲಿಸಲು ಹೇಳುವ ಅಧಿಕಾರ ಎಂಜಿನಿಯರಿಗೆ ಇರಲಿ. ಕೊನೆಯ ಷರತ್ತು ನಿಮ್ಮ ಬಡಾವಣೆಗೇ ಸೇರಿದ್ದು. ಮೇ ಮೂರನೇ ವಾರದಲ್ಲಿ ತಡೆಗುಂಡಿ, ಮೋರಿ ಬಾಯಿಗಳನ್ನು ಬಿಡಿಸುವುದು, ಆಮೇಲೆ ಪ್ರತಿ ದೊಡ್ಡ ಮಳೆಯ ಮರುದಿನ ನೋಡುವುದು ಯಾವ ಮನೆಯವರ ಪಾಳಿ ಎಂದು ಹೆಸರು ಸಮೇತ ಪಟ್ಟಿ ಮಾಡಿ, ನಗರಸಭೆಯ ಆರೋಗ್ಯ ಶಾಖೆಗೆ ಒಂದು ಪ್ರತಿ ಕೊಟ್ಟು, ವರದಿಯ ಕೊನೆಯ ಪುಟವಾಗಿ ಸೇರಿಸಿ.